ಡೌನ್‌ಹಿಲ್ ಫ್ರೇಮ್ ಅಂತ ಹೇಳಿ ಸೀಳು ಬಿಟ್ಟ ಫ್ರೇಮ್ ಮಾರುತ್ತಿದ್ದಾರೆ, ದಯವಿಟ್ಟು ಓದಿ

ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆಯ ಸೈಕಲ್ ಹುಡುಗರೆಲ್ಲ ಇದನ್ನು ಪೂರ್ತಿ ಓದಿ. ಸೆಕೆಂಡ್ ಹ್ಯಾಂಡ್ ಡೌನ್‌ಹಿಲ್ ಫ್ರೇಮ್ (ಗುಡ್ಡ ಇಳಿಸುವ, ಬಂಡೆಯಿಂದ ಜಿಗಿಸುವ ಸೈಕಲ್‌ನ ಚೌಕಟ್ಟು) ಹುಡುಕುತ್ತಿರುವವರು ಎರಡು ಸಲ ಓದಿ. ನನ್ನ 45,000 ರೂಪಾಯಿ ಹೋಗಿದೆ. ದುಡ್ಡಿನ ಕಥೆ ಒಂದು ಕಡೆ ಇರಲಿ. ಆ ಫ್ರೇಮ್ ಮೇಲೆ ಬಂಡೆಯಿಂದ ಜಿಗಿದಿದ್ದರೆ ಹಲ್ಲು, ದವಡೆ, ಕತ್ತು ಯಾವುದು ಉಳಿಯುತ್ತಿತ್ತೋ ಗೊತ್ತಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ. ಬರೆಯುವುದು ಹಿಂದೆ ಮುಂದೆ ಆದರೆ ಹೊಂದಿಸಿಕೊಂಡು ಓದಿ.

ನಮ್ಮ ಕಡೆ ಅಂಗಡಿಗಳಲ್ಲಿ ಸಿಗುವ ಮೌಂಟೇನ್ ಬೈಕ್ ಯಾವುದು ಅಂತ ಎಲ್ಲರಿಗೂ ಗೊತ್ತು. ಮುಂದೆ 100 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಮೇಲೆ ಕೆಳಗೆ ಆಡುವ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು), ಹಿಂದೆ ಗಟ್ಟಿ. ‘ಡಬಲ್ ಶಾಕಪ್’ ಅಂತ ಮಾರುವ ಕಬ್ಬಿಣದ ಸೈಕಲ್‌ಗಳನ್ನು ಗುಡ್ಡಕ್ಕೆ ಒಯ್ಯುವ ಹಾಗೇ ಇಲ್ಲ. ನಿಜವಾದ ಡೌನ್‌ಹಿಲ್ ಸೈಕಲ್ ಹೊಸದು ತರಿಸಬೇಕು ಅಂದರೆ ಲಕ್ಷಗಳ ಮಾತು. ಅದಕ್ಕೇ ನಮ್ಮಂಥವರು ಹಳೇ ಫ್ರೇಮ್ ಹುಡುಕುತ್ತೇವೆ. ಫೋಟೋ ತರಿಸಿಕೊಳ್ಳುವುದು, ಚೌಕಾಸಿ ಮಾಡುವುದು, ಮುಂಗಡ ಹಾಕುವುದು, ಆಮೇಲೆ ಹೋಗಿ ನೋಡಿ ತರುವುದು. ನಾನೂ ಹಾಗೇ ಮಾಡಿದ್ದು.

ನಾವು ಓಡಿಸುವ ಜಾಗದ ಬಗ್ಗೆ ಒಂದು ಮಾತು, ಇಲ್ಲದಿದ್ದರೆ ಇಷ್ಟು ದೊಡ್ಡ ಫ್ರೇಮ್ ಯಾಕೆ ಬೇಕಿತ್ತು ಅಂತ ಕೇಳುತ್ತೀರಿ. ದುರ್ಗದ ಕೋಟೆಯೊಳಗೆ ಸೈಕಲ್ ಮಾತೇ ಇಲ್ಲ, ಅದು ಪುರಾತತ್ವ ಇಲಾಖೆಯ ಜಾಗ. ಜೋಗಿಮಟ್ಟಿ ಗುಡ್ಡ ಅರಣ್ಯ ಇಲಾಖೆಯದು. ನಾವು ಇಳಿಸುವುದು ನಮ್ಮ ಸೋದರಮಾವನ ಹೊಲದ ಹಿಂದಿನ ಗುಡ್ಡದಲ್ಲಿ. ಮಣ್ಣಿಗಿಂತ ಕಲ್ಲೇ ಜಾಸ್ತಿ. ಆಳೆತ್ತರದ ಬಂಡೆಗಳಿವೆ, ಕೆಳಗೆ ಸಪಾಟು ನೆಲ. ಅಲ್ಲಿ ಸಣ್ಣ ಫ್ರೇಮ್ ತಡೆಯುವುದಿಲ್ಲ. ಹಿಂದಿನ ಚಕ್ರ 200 ಮಿ.ಮೀ. ಆಡುವ, ಅದಕ್ಕೆಂದೇ ಮಾಡಿದ ಫ್ರೇಮ್ ಬೇಕು.

ಮಾರಿದವನು ದಾವಣಗೆರೆಯ ಒಬ್ಬ ವ್ಯಾಪಾರಿ. ಅಂಗಡಿ ಇದೆ, ಮನೆಯಿಂದ ಮಾರುವವನಲ್ಲ. ಹೆಸರು ಇಲ್ಲಿ ಹಾಕುವುದಿಲ್ಲ, ದೂರು ಕೊಟ್ಟಿದ್ದೇನೆ.

ನಾನು ಕೇಳಿದ ಮೊದಲ ಪ್ರಶ್ನೆಯೇ ‘ಹಿಂದಿನ ಚಕ್ರ ಎಷ್ಟು ಟ್ರಾವೆಲ್?’ ಅಂತ, ಅಂದರೆ ಎಷ್ಟು ಮಿ.ಮೀ. ಆಡುತ್ತದೆ ಅಂತ. ಉತ್ತರ: ‘200 ಬ್ರದರ್, ಪಕ್ಕಾ ಡೌನ್‌ಹಿಲ್, ಫಾರಿನ್ ಪೀಸ್.’ ಎರಡನೇ ಪ್ರಶ್ನೆ: ‘ಎಲ್ಲಾದರೂ ಸೀಳು, ಬೆಸುಗೆ ಇದೆಯಾ?’ ಉತ್ತರ: ‘ಅಯ್ಯೋ, ಒಂದು ಗೀರು ತೋರಿಸ್ರಿ, ಫ್ರೀ ಕೊಡ್ತೀನಿ.’ ಈ ಎರಡೂ ಮೆಸೇಜ್ ನನ್ನ ಫೋನಲ್ಲಿ ಈಗಲೂ ಇವೆ. ಹಿಂದಿನ ಚಕ್ರದ ಹೊಡೆತ ತಡೆಯುವ ಶಾಕ್‌ನ ಹತ್ತಿರದ ಫೋಟೋ ಕೇಳಿದೆ. ಕಳಿಸಿದ. ಅದರಲ್ಲಿ 200 ಅನ್ನುವ ಅಂಕಿ ಚೆನ್ನಾಗಿ ಕಾಣುತ್ತಿತ್ತು. ಅದರ ಪಕ್ಕದ ಅಂಕಿಯ ಮೇಲೆ ಅವನ ಹೆಬ್ಬೆರಳು.

ಆ ಹೆಬ್ಬೆರಳು ನೆನಪಾದಾಗಲೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ.

ಹೋಗಿ ನೋಡಿದೆ. ಮ್ಯಾಟ್ ಕಪ್ಪು ಬಣ್ಣ, ಹೊಸದಾಗಿ ಪೌಡರ್ ಕೋಟಿಂಗ್ ಮಾಡಿಸಿದ್ದು. ಮುಂದೆ ಹಳೇ ಬಾಕ್ಸರ್ ಫೋರ್ಕ್ (ಡೌನ್‌ಹಿಲ್‌ಗೆ ಹೆಸರಾದ ಮಾಡೆಲ್), ಡಬಲ್ ಕ್ರೌನ್, ಅಂದರೆ ಕಾಲುಗಳನ್ನು ಹೆಡ್ ಟ್ಯೂಬಿನ ಮೇಲೂ ಕೆಳಗೂ ಎರಡು ಕಡೆ ಹಿಡಿದದ್ದು, 200 ಮಿ.ಮೀ. ಫೋರ್ಕ್ ಅಸಲಿಯೇ. ಅದನ್ನು ನೋಡಿದ ಯಾರಾದರೂ ಇದು ಡೌನ್‌ಹಿಲ್ ಸೈಕಲ್ ಅಂತಲೇ ಅಂದುಕೊಳ್ಳುತ್ತಾರೆ, ಅದಕ್ಕೇ ಅದನ್ನು ಹಾಕಿರುವುದು. ಮುದಿ ಎತ್ತಿನ ಕೊಂಬಿಗೆ ಬಣ್ಣ ಬಳಿದು ಸಂತೆಗೆ ತಂದ ಹಾಗೆ.

ಶಾಕ್‌ಗೆ ಹಳೇ ಟ್ಯೂಬಿನ ಪಟ್ಟಿ ಸುತ್ತಿ ಟ್ಯಾಗ್ ಬಿಗಿದಿದ್ದರು. ‘ಮಣ್ಣು ಕೂರಬಾರದು ಅಂತ’ ಅಂದ. ಸ್ಪ್ರಿಂಗ್ ಬಿಚ್ಚಿ ಚಕ್ರವನ್ನು ಕೊನೆವರೆಗೆ ಆಡಿಸಿ ನೋಡುತ್ತೇನೆ ಅಂದೆ. ‘ಬಿಚ್ಚಿದ್ರೆ ವಾರಂಟಿ ಹೋಗುತ್ತೆ ಬ್ರದರ್’ ಅಂದ. ಸೆಕೆಂಡ್ ಹ್ಯಾಂಡ್ ಮಾಲಿಗೆ ಯಾವ ವಾರಂಟಿ? ಕೇಳಿದ್ದಕ್ಕೆ ಮಾತು ಬದಲಿಸಿದ. ಹುಬ್ಬಳ್ಳಿಯಿಂದ ಇನ್ನೊಬ್ಬರು ಹೊರಟಿದ್ದಾರೆ, ಅವರು ಪೂರ್ತಿ ದುಡ್ಡು ಹಾಕುತ್ತೇನೆ ಅಂದಿದ್ದಾರೆ, ನೀವು ಮೊದಲು ಕೇಳಿದ್ದಕ್ಕೆ ನಿಮಗೆ ಇಟ್ಟಿದ್ದೇನೆ ಅಂದ. ನಾನು ಕೂತು ಒತ್ತಿ ನೋಡಿದೆ. ಅದರಲ್ಲಿ 500 ಅಂತ ಬರೆದ ಸ್ಪ್ರಿಂಗ್ ಇತ್ತು, ಅಂದರೆ ಒಂದು ಇಂಚು ಒತ್ತಲು 500 ಪೌಂಡ್ ಬೇಕು. ಅಂಥ ಸ್ಪ್ರಿಂಗ್ ಇರುವ ಶಾಕ್ ಕೊನೆ ಮುಟ್ಟಬೇಕಾದರೆ ಹಿಂದಿನ ಚಕ್ರಕ್ಕೆ ಸುಮಾರು 200 ಕೆ.ಜಿ. ಭಾರ ಬೀಳಬೇಕು. ಒಬ್ಬ ಮನುಷ್ಯ ಅಂಗಡಿಯಲ್ಲಿ ನಿಂತು ಎಷ್ಟು ಕುಪ್ಪಳಿಸಿದರೂ ಆಗಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತು.

ದುಡ್ಡು ಕೊಟ್ಟೆ. ಚೀಟಿ ಎತ್ತಿ ತಂದ ದುಡ್ಡು.

ಮನೆಗೆ ತಂದು ಟ್ಯೂಬ್ ಪಟ್ಟಿ ಕತ್ತರಿಸಿದೆ. ಶಾಕ್ ಮೇಲೆ 200 × 57 ಅಂತ ಇತ್ತು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇಲ್ಲಿ 200 ಅಂದರೆ ಶಾಕ್‌ನ ಉದ್ದ, ಒಂದು ಬೋಲ್ಟ್ ತೂತಿನಿಂದ ಇನ್ನೊಂದು ತೂತಿನವರೆಗೆ. 57 ಅಂದರೆ ಅದು ಒಳಕ್ಕೆ ಹೋಗುವ ದೂರ. ಚಕ್ರ ಎಷ್ಟು ಆಡುತ್ತದೆ ಅನ್ನುವುದು ಈ ಎರಡನೇ ಅಂಕಿಯಿಂದ ಬರುತ್ತದೆ, ಮೊದಲನೇದರಿಂದಲ್ಲ. ಸಾಮಾನ್ಯವಾಗಿ ಶಾಕ್ ಹೋಗುವ ದೂರದ ಎರಡೂವರೆಯಿಂದ ಮೂರು ಪಟ್ಟು ಚಕ್ರ ಆಡುತ್ತದೆ. 200 ಮಿ.ಮೀ. ಟ್ರಾವೆಲ್ ಇರುವ ಫ್ರೇಮ್‌ಗಳಲ್ಲಿ 240 × 76, 250 × 75 ಇಂಥ ಶಾಕ್ ಇರುತ್ತವೆ. ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಪೂರ್ತಿ ಮೇಲಕ್ಕೆತ್ತಿ, ಟೇಪ್ ಹಿಡಿದು ಅಳೆದೆ. 145 ಮಿ.ಮೀ. ಕೂಡ ಆಗಲಿಲ್ಲ. ಇದು ಟ್ರೈಲ್ ಫ್ರೇಮ್, ಕಾಡುದಾರಿಯಲ್ಲಿ ಹತ್ತಿ ಇಳಿಯಲು ಮಾಡಿದ ಹಗುರದ್ದು. ಡೌನ್‌ಹಿಲ್ ಅಲ್ಲ, ದೊಡ್ಡ ಜಿಗಿತಕ್ಕೆ ಮಾಡುವ ಫ್ರೀರೈಡೂ ಅಲ್ಲ.

ಆಮೇಲೆ ಒಂದೊಂದೇ ನೋಡುತ್ತಾ ಹೋದೆ. ಪೆಡಲ್ ಆಕ್ಸಲ್ ಕೂರುವ ಶೆಲ್ 73 ಮಿ.ಮೀ. ಡೌನ್‌ಹಿಲ್ ಫ್ರೇಮ್‌ಗಳಲ್ಲಿ ಸಾಮಾನ್ಯವಾಗಿ 83 ಇರುತ್ತದೆ. ಹಿಂದಿನ ಆಕ್ಸಲ್ 142, ಅದು 150 ಅಥವಾ 157 ಇರಬೇಕಿತ್ತು. (73 ಇರುವ ಒಳ್ಳೇ ಫ್ರೀರೈಡ್ ಫ್ರೇಮ್‌ಗಳೂ ಇವೆ, ಅದೊಂದನ್ನೇ ನೋಡಿ ತೀರ್ಮಾನ ಮಾಡಬೇಡಿ.) ಶೆಲ್ ಕೆಳಗೆ ಸೀರಿಯಲ್ ನಂಬರ್ ಇರಬೇಕಾದ ಜಾಗವನ್ನು ಅರದಿಂದ ಉಜ್ಜಿ ಬಣ್ಣ ಹೊಡೆದಿದ್ದರು. ಒಂದು ಸ್ಟಿಕ್ಕರ್ ಇಲ್ಲ. ಒಳ್ಳೇ ಕಂಪನಿಗಳು ಫ್ರೇಮ್ ಯಾವ ಕೆಲಸಕ್ಕೆ ಅಂತ 1ರಿಂದ 5ರವರೆಗೆ ವರ್ಗ ಹಾಕುತ್ತವೆ, ಎಎಸ್‌ಟಿಎಂ ಎಫ್2043 ಅನ್ನುವ ನಿಯಮದ ಪ್ರಕಾರ. 3 ಅಂದರೆ 61 ಸೆಂ.ಮೀ. ಎತ್ತರದ ಜಿಗಿತದವರೆಗೆ, 4 ಅಂದರೆ 122 ಸೆಂ.ಮೀ. ಡೌನ್‌ಹಿಲ್, ಫ್ರೀರೈಡ್ ಎರಡೂ 5ನೇ ವರ್ಗ. ಪೌಡರ್ ಕೋಟಿಂಗ್ ಮಾಡಿಸಿದರೆ ಆ ಸ್ಟಿಕ್ಕರ್ ಹೋಗಿಬಿಡುತ್ತದೆ. ಸುಮ್ನೆ ಚೆಂದಕ್ಕೆ ಬಣ್ಣ ಮಾಡಿಸಿದ್ದಲ್ಲ ಅದು.

ಇಷ್ಟೇ ಆಗಿದ್ದರೆ ದುಡ್ಡಿನ ಮೋಸ ಅಂತ ಬೈದುಕೊಂಡು ಬಿಡುತ್ತಿದ್ದೆನೋ ಏನೋ. ಹೆಡ್ ಟ್ಯೂಬ್ (ಫೋರ್ಕ್ ಕೂರುವ ಮುಂದಿನ ಕೊಳವೆ) ಕೆಳಗೆ, ಪೆಡಲ್ ಕಡೆಗೆ ಇಳಿಯುವ ಡೌನ್ ಟ್ಯೂಬ್ ಸೇರುವ ಕಡೆ, ಬಣ್ಣ ಸ್ವಲ್ಪ ದಪ್ಪ ಅನ್ನಿಸಿತು. ಉಗುರಿಗೆ ಮೆತ್ತಗೆ ಸಿಕ್ಕಿತು. ಪುಟ್ಟಿ! ನಮ್ಮ ಹೊಳಲ್ಕೆರೆ ರಸ್ತೆಯ ವೆಲ್ಡಿಂಗ್ ಶಾಪ್‌ಗೆ ತೆಗೆದುಕೊಂಡು ಹೋದೆ. ಅಲ್ಲಿನ ಅಣ್ಣ ಅಲ್ಯೂಮಿನಿಯಂ ಕೆಲಸದಲ್ಲಿ ಪಳಗಿದವರು. ಎಮರಿ ಪೇಪರ್ ಹಾಕಿ ಉಜ್ಜಿದರು. ಕಪ್ಪು ಹೋಯಿತು, ಕೆಳಗೆ ಬೂದು ಪುಟ್ಟಿ ಬಂತು, ಪುಟ್ಟಿ ಕೆಳಗೆ ಗ್ರೈಂಡರ್ ಆಡಿಸಿದ ಗೆರೆಗಳು. ಸೀಳಿದ್ದರೆ ಅದರೊಳಗೆ ಇಳಿದು ತೋರಿಸುವ ಕೆಂಪು ಡೈ ಹೊಡೆದು, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಬಿಳಿ ಸ್ಪ್ರೇ ಹೊಡೆದರು. ನಾವು ನೋಡುತ್ತಾ ನಿಂತೆವು. ಮಾವನ ಮಗನೂ ಜೊತೆಗಿದ್ದ, ಭಾನುವಾರ ಮೊದಲು ನಾನೇ ಇಳಿಸುತ್ತೇನೆ ಅಂತ ಹಟ ಹಿಡಿದಿದ್ದ ಹುಡುಗ. ಬಿಳಿ ಮೇಲೆ ನಿಧಾನಕ್ಕೆ ಕೆಂಪು ಗೆರೆ ಮೂಡಿತು. ಹಳೇ ಬೆಸುಗೆಯ ಅಂಚಿನಿಂದ ಶುರುವಾಗಿ ಟ್ಯೂಬಿನ ಅರ್ಧ ಸುತ್ತಿನವರೆಗೆ.

‘ಇದು ಕಂಪನಿ ಬೆಸುಗೆ ಅಲ್ಲ ಕಣಪ್ಪ. ಮೊದಲೇ ಸೀಳಿದೆ. ಯಾರೋ ಮೇಲೆ ಆರ್ಗಾನ್ ಬೆಸುಗೆ ಹೊಡೆದಿದ್ದಾರೆ. ಈಗ ಅದರ ಪಕ್ಕ ಮತ್ತೆ ಸೀಳ್ತಾ ಇದೆ. ಇದರ ಮೇಲೆ ಹುಡುಗನ್ನ ಕೂರಿಸಬೇಡ’ ಅಂದರು.

ಕೈಕಾಲು ತಣ್ಣಗಾಯಿತು. ಅಂಗಡಿಯಲ್ಲಿದ್ದ ಟ್ರ್ಯಾಕ್ಟರ್‌ನವರೆಲ್ಲ ಬಂದು ಬಗ್ಗಿ ನೋಡುತ್ತಿದ್ದರು. ಒಬ್ಬರು ಎಷ್ಟು ಕೊಟ್ಟೆ ಅಂತ ಕೇಳಿದರು. ಬಾಯಿ ಬರಲಿಲ್ಲ.

ಏನಾಗಿದೆ ಅಂತ ಈಗ ಸ್ಪಷ್ಟ. 150ರ ಆಸುಪಾಸಿನ ಫೋರ್ಕ್‌ಗೆ ಮಾಡಿದ ಫ್ರೇಮ್‌ಗೆ ಯಾರೋ 200ರ ಡಬಲ್ ಕ್ರೌನ್ ಹಾಕಿದ್ದಾರೆ. ಫೋರ್ಕ್ ಉದ್ದವಾದಷ್ಟೂ ಹೆಡ್ ಟ್ಯೂಬ್ ಮೇಲೆ ಸನ್ನೆಯ ಹೊಡೆತ ಜಾಸ್ತಿ. ಎರಡು ಕ್ರೌನ್ ಇರುವ ಫೋರ್ಕ್ ತಾನು ಅಷ್ಟಾಗಿ ಬಾಗುವುದಿಲ್ಲ, ಹೊಡೆತವನ್ನು ಹೆಚ್ಚಾಗಿ ಫ್ರೇಮ್‌ಗೆ ದಾಟಿಸುತ್ತದೆ. ತುಂಬಾ ಕಂಪನಿಗಳು ಟ್ರೈಲ್ ಫ್ರೇಮ್‌ಗೆ ಡಬಲ್ ಕ್ರೌನ್ ಹಾಕಲೇಬೇಡಿ ಅನ್ನುವುದು ಅದಕ್ಕೇ. ಸೀಳಿದೆ, ಬೆಸುಗೆ ಹಾಕಿಸಿದ್ದಾರೆ, ಬಣ್ಣ ಹೊಡೆಸಿದ್ದಾರೆ, ನನಗೆ ಮಾರಿದ್ದಾರೆ.

ಈಗ ಅವನ ಉತ್ತರಗಳನ್ನು ಓದಿ. ಫೋಟೋ, ವಿಡಿಯೋ ಎಲ್ಲ ಕಳಿಸಿದ ಮೇಲೆ ಬಂದದ್ದು.

‘ಬೆಸುಗೆ ಹಾಕಿದ ಜಾಗ ಹೊಸದಕ್ಕಿಂತ ಗಟ್ಟಿ ಇರುತ್ತೆ ಬ್ರದರ್.’

ಹಸಿ ಸುಳ್ಳು. ಇಂಥ ಫ್ರೇಮ್‌ಗೆ ಬಳಸುವ 6061 ಅಲ್ಯೂಮಿನಿಯಂಗೆ ಗಟ್ಟಿತನ ಬರುವುದು ಕಾಯಿಸಿ ಹದ ಮಾಡುವುದರಿಂದ. ಬೆಸುಗೆ ಎಲ್ಲ ಮುಗಿದ ಮೇಲೆ ಇಡೀ ಫ್ರೇಮನ್ನು ಸುಮಾರು 530 ಡಿಗ್ರಿಗೆ ಕಾಯಿಸಿ, ತಟ್ಟನೆ ತಣಿಸಿ, ಮತ್ತೆ 170 ಡಿಗ್ರಿ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಡುತ್ತಾರೆ. ಟಿ6 ಅನ್ನುವುದು ಅದನ್ನೇ. ಆಮೇಲೆ ಊರಲ್ಲಿ ಬೆಸುಗೆ ಹಾಕಿದರೆ ಆ ಹದ ಹೋಗುತ್ತದೆ, ಬೆಸುಗೆ ಪಕ್ಕದ ಲೋಹದ ಬಲ ಅರ್ಧಕ್ಕೆ ಇಳಿಯಬಹುದು. ಸೀಳು ಬೆಸುಗೆಯ ಪಕ್ಕದಲ್ಲೇ ಬಂದಿರುವುದು ಸುಮ್ನೆ ಅಲ್ಲ.

ಇದನ್ನು ಬರೆದು ಕಳಿಸಿದೆ. ಉತ್ತರ: ‘ನಿಮ್ಗೆ ಓಡಿಸೋಕೆ ಬರಲ್ಲ ಅಂದ್ರೆ ಫ್ರೇಮ್‌ದೇನು ತಪ್ಪು ರೀ?’ ನಾನು ಇನ್ನೂ ಓಡಿಸಿಯೇ ಇಲ್ಲ!

ಆಮೇಲೆ: ‘ಕಣ್ಣಾರೆ ನೋಡ್ಕೊಂಡೇ ತಗೊಂಡ್ರಲ್ಲ.’ ಸ್ಪ್ರಿಂಗ್ ಬಿಚ್ಚಲು ಬಿಡದವನು ಹೇಳುವ ಮಾತಾ ಇದು?

ಆಮೇಲೆ: ‘ಬಿಲ್ ಎಲ್ಲಿದೆ ತೋರಿಸಿ.’ ಬಿಲ್ ಕೇಳಿದ್ದಕ್ಕೆ ಸಂಜೆ ಕಳಿಸ್ತೀನಿ ಅಂದವನು ಅವನೇ. ದುಡ್ಡು ಫೋನ್‌ನಲ್ಲಿ ಹಾಕಿದ್ದೆ, ಅದರ ದಾಖಲೆ ಇದೆ, ಅಷ್ಟೇ ಪುಣ್ಯ.

ಕೊನೆಗೆ ಬಂದ ಮೆಸೇಜ್ ಇದು. ಇದಕ್ಕೋಸ್ಕರವೇ ಇಷ್ಟೆಲ್ಲ ಬರೆಯುತ್ತಿರುವುದು: ‘ಗಲಾಟೆ ಬೇಡ ಬ್ರದರ್. ತಂದು ಕೊಡಿ, ಮತ್ತೆ ಬಣ್ಣ ಹೊಡೆಸಿ ಬೇರೆಯವರಿಗೆ ಕೊಡಿಸ್ತೀನಿ. ನನಗೆ 5,000 ಕಮಿಷನ್ ಕೊಟ್ರೆ ಸಾಕು.’

ಸೀಳು ಎಲ್ಲಿದೆ ಅಂತ ಫೋಟೋ ನೋಡಿದ ಮೇಲೆ ಹೇಳಿದ ಮಾತು ಇದು. ಇನ್ನೊಬ್ಬರ ಮನೆ ಹುಡುಗ ಅದರ ಮೇಲೆ ಕೂತು ಜಿಗಿಯಲಿ ಅಂತ. ಆಗಲ್ಲ ಅಂದೆ. ನಂಬರ್ ಬ್ಲಾಕ್ ಮಾಡಿದ.

ಫ್ರೇಮ್ ನನ್ನ ಹತ್ತಿರವೇ ಇದೆ, ಬಣ್ಣ ಕೆರೆದ ಜಾಗ ಹಾಗೇ ಇದೆ. ಯಾರಿಗೂ ಮಾರಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದ್ದೇನೆ. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹಾಕುತ್ತಿದ್ದೇನೆ. ಅಂಗಡಿ ದಾವಣಗೆರೆಯಲ್ಲಿದ್ದರೂ 2019ರ ಕಾಯ್ದೆ ಪ್ರಕಾರ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಇದೇ ಥರ ಮೋಸ ಹೋದವರು ಇನ್ನೂ ಇದ್ದಾರೆ ಅನ್ನಿಸುತ್ತದೆ, ನಾಚಿಕೆಗೆ ಬಾಯಿ ಬಿಡುತ್ತಿಲ್ಲ. ಬನ್ನಿ, ಒಟ್ಟಿಗೆ ಹೋಗೋಣ.

ತೆಗೆದುಕೊಳ್ಳುವವರು ಇಷ್ಟು ಮಾಡಿ. ದುಡ್ಡು ಕೊಡುವ ಮೊದಲು ಸ್ಪ್ರಿಂಗ್ ಬಿಚ್ಚಿಸಿ. ಗಾಳಿ ಶಾಕ್ ಆದರೆ ಗಾಳಿ ಬಿಡಿಸಿ. ಅಲೆನ್ ಕೀ ಇದ್ದರೆ ಹತ್ತು ನಿಮಿಷದ ಕೆಲಸ. ಚಕ್ರವನ್ನು ಕೊನೆವರೆಗೆ ಎತ್ತಿ ಟೇಪ್ ಹಿಡಿದು ಅಳೆಯಿರಿ. ಶಾಕ್ ಮೇಲಿನ ಎರಡೂ ಅಂಕಿ ನೋಡಿ. ಹೆಡ್ ಟ್ಯೂಬ್ ಕೆಳಗೆ ಟಾರ್ಚ್ ಬಿಟ್ಟು ಉಗುರಿನಿಂದ ಕೆರೆಯಿರಿ. ಸೀರಿಯಲ್ ನಂಬರ್ ಇಲ್ಲದ, ಹೊಸ ಬಣ್ಣ ಹೊಡೆಸಿದ ಫ್ರೇಮ್ ಎಷ್ಟೇ ಅಗ್ಗ ಆದರೂ ಬೇಡ. ಬಿಚ್ಚಬೇಡಿ ಅಂದರೆ ಎದ್ದು ಬನ್ನಿ, ಹುಬ್ಬಳ್ಳಿಯವರು ಬೇಕಾದರೆ ತೆಗೆದುಕೊಳ್ಳಲಿ ಅಂತ ಬಿಡಬೇಡಿ, ಅವರಿಗೂ ಹೇಳಿ.

ಮೊನ್ನೆ ಸ್ನೇಹಿತನೊಬ್ಬ ಅವನು ಹಾಕಿದ ಹೊಸ ಫೋಟೋ ಕಳಿಸಿದ. ಅದೇ ಗೋಡೆ. ಬೂದು ಬಣ್ಣದ ಫ್ರೇಮ್, ಡಬಲ್ ಕ್ರೌನ್ ಫೋರ್ಕ್, ಶಾಕ್‌ಗೆ ಟ್ಯೂಬ್ ಪಟ್ಟಿ ಸುತ್ತಿದೆ, 52,000 ರೂಪಾಯಿ ಅಂತೆ. ಅದಕ್ಕೆ ಮುಂಗಡ ಹಾಕಿದವರು ಯಾರಾದರೂ ಇದನ್ನು ಓದುತ್ತಿದ್ದರೆ ಇವತ್ತೇ ಫೋನ್ ಮಾಡಿ ವಾಪಸ್ ಕೇಳಿ.