ರಾಡಾರ್ ಚುಕ್ಕಿಯ ಬೆನ್ನು ಹತ್ತಿ: ಪೆನ್ಸಿಲ್, ಟ್ರ್ಯಾಕ್‌ಬಾಲ್, ಕಂಪ್ಯೂಟರ್

ಯುದ್ಧನೌಕೆಯ ರಾಡಾರ್ ಪರದೆಯಲ್ಲಿ ವಿಮಾನ ಅಂದರೆ ಒಂದು ಚುಕ್ಕಿ ಅಷ್ಟೇ. ಅದರ ದಿಕ್ಕು, ವೇಗ ಎಲ್ಲ ಲೆಕ್ಕ ಹಾಕಿಯೇ ತಿಳಿಯಬೇಕು. ಈ ಲೆಕ್ಕ ಯಾರ ಕೈಯಲ್ಲಿ ಸರಿ ಬರುತ್ತದೆ ಎಂದು ನೋಡಲು ಮನೆಯ ಕಂಪ್ಯೂಟರಿನಲ್ಲಿ ಒಂದು ನಕಲಿ ರಾಡಾರ್ ಬರೆದೆ. 30 ಸೆಂ.ಮೀ. ಅಗಲದ ವೃತ್ತ, ಸುತ್ತಲೂ 200 ಕಿ.ಮೀ. ನೋಟ, ಆಂಟೆನಾ 10 ಸೆಕೆಂಡಿಗೆ ಒಂದು ಸುತ್ತು, ಸುತ್ತಿಗೊಮ್ಮೆ ಹೊಸ ಚುಕ್ಕಿ. ವಿಮಾನದ ವೇಗ ಗಂಟೆಗೆ 900 ಕಿ.ಮೀ.

ಮೊದಲು ಹಳೇ ಕಾಲದ ದಾರಿ. ಮಾನಿಟರಿಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಮೇಣದ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಕೂತೆ. "ಇದೇನ್ರೀ, ಚುಕ್ಕಿ ರಂಗೋಲಿನಾ?" ಎಂದಳು ಹೆಂಡತಿ. ರಂಗೋಲಿಯಾದರೆ ಪರವಾಗಿರಲಿಲ್ಲ. ಇಲ್ಲಿ 1 ಮಿ.ಮೀ. ಅಂದರೆ ಸುಮಾರು 1.3 ಕಿ.ಮೀ. ಪೆನ್ಸಿಲಿನ ಮೊನೆಯೇ ಅಷ್ಟು ದಪ್ಪ! ಒಂದು ಸುತ್ತಿನ ಅಂತರದಲ್ಲಿ ಅಷ್ಟು ತಪ್ಪಿದರೆ ವೇಗದ ಲೆಕ್ಕ ಗಂಟೆಗೆ 480 ಕಿ.ಮೀ. ತಪ್ಪುತ್ತದೆ. ಒಂದು ನಿಮಿಷ ಕಾದು ಅಳೆದರೆ ತಪ್ಪು 80ಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ವಿಮಾನ 15 ಕಿ.ಮೀ. ಮುಂದೆ ಬಂದಿರುತ್ತದೆ, ಅಲ್ವಾ?

ಎರಡನೆಯದು ಟ್ರ್ಯಾಕ್‌ಬಾಲ್, ಅಂದರೆ ಅಂಗೈಯಲ್ಲಿ ಉರುಳಿಸಿ ಪರದೆಯ ಗುರುತನ್ನು ಸರಿಸುವ ಚೆಂಡು. ರಾಲ್ಫ್ ಬೆಂಜಮಿನ್ 1946ರಲ್ಲಿ ಬ್ರಿಟನ್ನಿನ ನೌಕಾಪಡೆಗೆ ಇದನ್ನು ರೂಪಿಸಿದ್ದು ಇದೇ ತರದ ಕೆಲಸಕ್ಕೆ. ಕೆನಡಾದವರು ತಮ್ಮದಕ್ಕೆ ಬೌಲಿಂಗ್ ಆಟದ ಚೆಂಡನ್ನೇ ಹಾಕಿದ್ದರಂತೆ! ಯಂತ್ರ ತನಗೆ ಗೊತ್ತಿರುವ ವೇಗದಲ್ಲಿ ಗುರುತನ್ನು ಓಡಿಸುತ್ತದೆ. ಚುಕ್ಕಿ ಬಂದಾಗ ಗುರುತನ್ನು ಅದರ ಮೇಲೆ ಕೂರಿಸುವುದಷ್ಟೇ ನನ್ನ ಕೆಲಸ. ಪ್ರತಿ ತಿದ್ದುಪಡಿಗೆ ವೇಗವೂ ತಾನೇ ಸರಿಯಾಗುತ್ತಾ ಹೋಗುತ್ತದೆ. ನಾಲ್ಕೈದು ಸುತ್ತಿಗೆ ಕೈ ಪಳಗಿತು.

ಮೂರನೆಯದರಲ್ಲಿ ಎಲ್ಲ ಯಂತ್ರದ್ದೇ, ಆಲ್ಫಾ-ಬೀಟಾ ಫಿಲ್ಟರ್: ಮುಂದಿನ ಚುಕ್ಕಿಯ ಜಾಗವನ್ನು ಊಹಿಸಿ, ಚುಕ್ಕಿ ಬಂದಾಗ ಜಾಗ, ವೇಗ ಎರಡನ್ನೂ ತಾನೇ ತಿದ್ದಿಕೊಳ್ಳುವ ಲೆಕ್ಕ. ನೇರ ದಾರಿಯಲ್ಲಿ ಅದರ ಮುಂದೆ ನಾನು ಸೊನ್ನೆ. ಆಮೇಲೆ ವಿಮಾನವನ್ನು 3 ಜಿ (ಗುರುತ್ವದ ಮೂರು ಪಟ್ಟು) ಬಲದಲ್ಲಿ ಗಕ್ಕನೆ ತಿರುಗಿಸಿದೆ. 10 ಸೆಕೆಂಡಿನಲ್ಲಿ ಅದು ಊಹಿಸಿದ ಜಾಗಕ್ಕಿಂತ ಸುಮಾರು 1.4 ಕಿ.ಮೀ. ಆಚೆ ಇತ್ತು. ಊಹಿಸಿದ ಜಾಗದ ಸುತ್ತ ಚುಕ್ಕಿ ಹುಡುಕಲು ನಾನು ಕೊಟ್ಟಿದ್ದ ಆವರಣ 1 ಕಿ.ಮೀ. ಪುಣ್ಯಾತ್ಮ ಫಿಲ್ಟರ್, ಸಮುದ್ರದ ಅಲೆಗಳಿಂದ ಬಂದ ಸುಳ್ಳು ಚುಕ್ಕಿಯೊಂದನ್ನು ಹಿಡಿದು ಹಾಯಾಗಿ ಹೊರಟೇ ಹೋಯಿತು. ಆವರಣ ದೊಡ್ಡದು ಮಾಡಿದರೆ ಸುಳ್ಳು ಚುಕ್ಕಿಗಳು ಇನ್ನೂ ಜಾಸ್ತಿ. ಟ್ರ್ಯಾಕ್‌ಬಾಲ್ ಹಿಡಿದಾಗ ಮಾತ್ರ ಅದೇ ತಿರುವು ಮುಂದಿನ ಸುತ್ತಿನಲ್ಲೇ ಕಣ್ಣಿಗೆ ಬಿತ್ತು.

ಹಾಗಂತ ಮನುಷ್ಯನೇ ಮೇಲು ಅನ್ನಲಾರೆ. ಬಹಳ ಹೊತ್ತು ಪರದೆ ನೋಡುವವರ ಗಮನ ಮೊದಲ ಅರ್ಧ ಗಂಟೆಯಲ್ಲೇ ಕುಸಿಯುತ್ತದೆಂದು ಮನಶ್ಶಾಸ್ತ್ರಜ್ಞ ನಾರ್ಮನ್ ಮ್ಯಾಕ್‌ವರ್ತ್ 1948ರಲ್ಲೇ ತೋರಿಸಿದ್ದರು. ನಾನು ಆರು ವಿಮಾನಗಳನ್ನು ಒಟ್ಟಿಗೆ ಬಿಟ್ಟು ಟ್ರ್ಯಾಕ್‌ಬಾಲ್ ಹಿಡಿದು ಕೂತೆ. ಏಳನೆಯದು ಯಾವಾಗ ಬಂತೋ ಗೊತ್ತೇ ಆಗಲಿಲ್ಲ. ಈಗ ಎಲ್ಲವನ್ನೂ ಫಿಲ್ಟರಿಗೆ ಬಿಟ್ಟಿದ್ದೇನೆ. ಚುಕ್ಕಿ ಎರಡು ಸುತ್ತು ತಪ್ಪಿದರೆ ಬೆಲ್ ಹೊಡೆಯುತ್ತದೆ, ಆಗ ಮಾತ್ರ ನಾನು ಚೆಂಡಿಗೆ ಕೈ ಹಾಕುತ್ತೇನೆ.