ಟ್ರಾಫಿಕ್‌ನಲ್ಲಿ ಬಿಸಿಯೇರುವ ಎಂಜಿನ್: ಬ್ಲೂಟೂತ್ ಒಬಿಡಿ ಸ್ಕ್ಯಾನರ್‌ನ ದೀರ್ಘಕಾಲದ ಬಳಕೆಯ ಅನುಭವ

ಒಬಿಡಿ ಎಂದರೆ ಕಾರು ತನ್ನ ದೋಷಗಳನ್ನು ತಾನೇ ಪತ್ತೆಹಚ್ಚುವ ವ್ಯವಸ್ಥೆ. ಸ್ಟೀರಿಂಗ್ ಕೆಳಗಿರುವ ಅದರ ಸಾಕೆಟ್‌ಗೆ ಸಿಕ್ಕಿಸಿ ಮೊಬೈಲ್‌ಗೆ ಜೋಡಿಸಿಕೊಳ್ಳುವ ಪುಟ್ಟ ಸಾಧನವಿದು. ಇಎಲ್‌ಎಂ327 ಎಂಬ ಹೆಸರಿನಲ್ಲಿ ಹತ್ತಾರು ಬಗೆಯವು ಮಾರುಕಟ್ಟೆಯಲ್ಲಿವೆ. ನನ್ನದು ಸಾವಿರ ರೂಪಾಯಿಯೊಳಗೆ ಸಿಕ್ಕಿದ್ದು. ಕೊಂಡು ಕೆಲವು ವರ್ಷಗಳಾದವು. ಇದರಿಂದ ನನಗಾದ ದೊಡ್ಡ ಉಪಕಾರವನ್ನೇ ಮೊದಲು ಹೇಳುತ್ತೇನೆ: ನಿಧಾನ ಟ್ರಾಫಿಕ್‌ನಲ್ಲಿ ಎಂಜಿನ್ ಏಕೆ ಬಿಸಿಯಾಗುತ್ತಿದೆ ಎಂಬುದನ್ನು ಊಹೆಗೆ ಬಿಡದೆ ಅಂಕಿಯಲ್ಲಿ ತೋರಿಸಿಕೊಟ್ಟಿತು.

ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂಬೈ ಬಳಿಯ ಡೊಂಬಿವಲಿಯಿಂದ ಶಿಲ್‌ಫಾಟಾ ಮಾರ್ಗವಾಗಿ ಮಹಾಪೆಗೆ ದಿನವೂ ಓಡಾಟ. ಕಲ್ಯಾಣ್-ಶಿಲ್ ರಸ್ತೆಯನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಮೆಟ್ರೊ ಕಾಮಗಾರಿಯ ತಡೆಬೇಲಿಗಳ ಪಕ್ಕದಲ್ಲಿ ಮೂರನೆಯ ಗೇರ್ ಹಾಕುವ ಭಾಗ್ಯವೇ ಅಪರೂಪ. ಒಂದು ಬೇಸಿಗೆಯಲ್ಲಿ ಅಲ್ಲಿಯೇ ತಾಪಮಾನದ ಮುಳ್ಳು ಮೇಲೇರತೊಡಗಿತು. ಕಾರು ನಿಂತಾಗಲೆಲ್ಲ ಎಸಿಯಿಂದ ಬೆಚ್ಚಗಿನ ಗಾಳಿ ಬರತೊಡಗಿತು. ಆದರೆ ಅದೇ ಕಾರು ಊರಿಗೆ ಹೊರಟು ಸಾತಾರಾ, ಕೊಲ್ಹಾಪುರ, ನಿಪ್ಪಾಣಿ ದಾಟುವಾಗ ಮುಳ್ಳು ಕದಲುತ್ತಿರಲಿಲ್ಲ. ಗ್ಯಾರೇಜೊಂದರಲ್ಲಿ ಬಾನೆಟ್ ತೆರೆದು ನೋಡಿದ ಕೂಡಲೇ ಎಂಜಿನ್ನಿನ ಬಿಸಿನೀರನ್ನು ತಣಿಸುವ ರೇಡಿಯೇಟರ್, ಆ ನೀರನ್ನು ಹರಿಸುವ ವಾಟರ್ ಪಂಪ್ ಎರಡನ್ನೂ ಬದಲಿಸಬೇಕೆಂದರು. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಪಂಪ್ ಸೋತಿದ್ದರೆ ಅಥವಾ ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ ಹೆದ್ದಾರಿಯಲ್ಲಿ, ಘಾಟಿಯ ಏರಿನಲ್ಲಿ ತೊಂದರೆ ಇನ್ನೂ ಹೆಚ್ಚಬೇಕಿತ್ತು. ವೇಗವಾಗಿ ಓಡುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ. ನಿಂತಾಗ ಆ ಕೆಲಸಕ್ಕೆ ಇರುವುದು ವಿದ್ಯುತ್ ಫ್ಯಾನ್ ಒಂದೇ. ನಿಂತಾಗ ಮಾತ್ರ ಬಿಸಿ ಎಂದರೆ ಮೊದಲು ವಿಚಾರಿಸಬೇಕಾದದ್ದು ಗಾಳಿಯನ್ನು, ನೀರನ್ನಲ್ಲ.

ಇಲ್ಲಿ ಸ್ಕ್ಯಾನರ್ ನೆರವಿಗೆ ಬಂತು. ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಮುಳ್ಳು ನಿಜವಾದ ತಾಪಮಾನದ ಏರಿಳಿತವನ್ನು ತೋರಿಸುವುದಿಲ್ಲ. ಸುಮಾರು 80ರಿಂದ 100 ಡಿಗ್ರಿಯವರೆಗೂ ಅದು ನಡುವಿನಲ್ಲೇ ನಿಂತಿರುವಂತೆ ತಯಾರಕರೇ ಹೊಂದಿಸಿರುತ್ತಾರೆ. ಕೆಲವು ಕಾರುಗಳಲ್ಲಿ ಮುಳ್ಳೂ ಇಲ್ಲ, ನೀಲಿ ಮತ್ತು ಕೆಂಪು ದೀಪಗಳಷ್ಟೇ. ಸ್ಕ್ಯಾನರ್ ಕೂಲಂಟ್‌ನ (ಎಂಜಿನ್ ತಣಿಸುವ ದ್ರವದ) ತಾಪಮಾನವನ್ನು ಸೆನ್ಸರ್‌ನಿಂದ ಬಂದಂತೆಯೇ ಡಿಗ್ರಿ ಡಿಗ್ರಿಯಾಗಿ ಮೊಬೈಲ್ ಪರದೆಗೆ ತರುತ್ತದೆ.

ಎಂಜಿನ್ ಕಂಪ್ಯೂಟರ್ ದಾಖಲಿಸಿಡುವ ದೋಷ ಸಂಕೇತಗಳನ್ನು ಓದಿಸಿದೆ. ಒಂದೂ ಇರಲಿಲ್ಲ. ಹಲವರು ಇಲ್ಲಿಗೇ ನಿಂತು ಸಾಧನ ನಿಷ್ಪ್ರಯೋಜಕ ಎಂದುಬಿಡುತ್ತಾರೆ. ಸಾಮಾನ್ಯ ಕಾರುಗಳಲ್ಲಿ ಎಂಜಿನ್ ಕಂಪ್ಯೂಟರ್ ಗಮನಿಸುವುದು ಫ್ಯಾನಿಗೆ ವಿದ್ಯುತ್ ಹಾಯಿಸುವ ಸ್ವಿಚ್ಚಾದ ರಿಲೇಯ ಸರ್ಕಿಟ್ಟನ್ನು. ಅದು ಕಡಿದರೆ ಪಿ0480 ಎಂಬ ಸಂಕೇತ ಬರುತ್ತದೆ. ರೆಕ್ಕೆಗಳು ನಿಜವಾಗಿ ತಿರುಗಿದವೇ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ನನ್ನ ದೃಷ್ಟಿಯಲ್ಲಿ ಈ ಸಾಧನದ ಬೆಲೆಯಿರುವುದು ಸಂಕೇತಗಳಲ್ಲಿ ಅಲ್ಲ, ಆ ಕ್ಷಣದ ಅಂಕಿಯಲ್ಲಿ.

ಭಾನುವಾರ ಬೆಳಿಗ್ಗೆ ಸೊಸೈಟಿಯ ಆವರಣದಲ್ಲಿ ಬಾನೆಟ್ ತೆರೆದು, ಎಂಜಿನ್ ಚಾಲೂ ಇಟ್ಟು, ಅಂಕಿ ನೋಡುತ್ತ ನಿಂತೆ. 90, 94, 97. ತೊಂಬತ್ತೆಂಟಕ್ಕೆ ರಿಲೇ ಟಕ್ ಎಂದಿತು. ಫ್ಯಾನ್ ಮಾತ್ರ ಅಲುಗಲಿಲ್ಲ. 103ಕ್ಕೆ ಬಂದಾಗ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟರಿನ ಬೆನ್ನಿಗೆ ಮೆಲ್ಲಗೆ ತಟ್ಟಿದೆ. ರೆಕ್ಕೆಗಳು ಒಮ್ಮೆ ನಡುಗಿ ಭರ್ರೆಂದು ತಿರುಗಿದವು. ಅಂಕಿ ಇಳಿಯುತ್ತ 94ಕ್ಕೆ ಬಂತು. ಮೋಟರಿನ ತಿರುಗುವ ಭಾಗಕ್ಕೆ ವಿದ್ಯುತ್ ಮುಟ್ಟಿಸುವ ಕಾರ್ಬನ್ ಬ್ರಷ್‌ಗಳು ಸವೆದಿವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ. ಎಸಿ ಬೆಚ್ಚಗಾಗುತ್ತಿದ್ದುದಕ್ಕೂ ಕಾರಣ ಇದೇ, ಏಕೆಂದರೆ ರೇಡಿಯೇಟರಿನ ಮುಂದಿದ್ದು ಎಸಿಯ ಬಿಸಿಯನ್ನು ಹೊರಹಾಕುವ ಕಂಡೆನ್ಸರಿಗೂ ಅದೇ ಫ್ಯಾನ್ ಗಾಳಿ ಕೊಡಬೇಕು. ನೀವು ಇದನ್ನು ಮಾಡುವುದಾದರೆ ಬೆರಳು, ತೋಳು, ದುಪಟ್ಟಾ ಯಾವುದೂ ರೆಕ್ಕೆಗಳ ಹತ್ತಿರ ಇರದಂತೆ ನೋಡಿಕೊಳ್ಳಿ. ಫ್ಯಾನ್ ಮುನ್ಸೂಚನೆಯಿಲ್ಲದೆ ತಿರುಗುತ್ತದೆ.

ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಹೊಸ ಮೋಟರ್ ಸಿಕ್ಕಿತು. ಹಳೆಯದನ್ನು ಬಿಚ್ಚಿದಾಗ ಬ್ರಷ್‌ಗಳು ಉಗುರಿನಷ್ಟು ಉಳಿದಿದ್ದವು, ಒಳಗೆಲ್ಲ ಕಪ್ಪು ಪುಡಿ. ಅದೇ ಸಂದರ್ಭದಲ್ಲಿ ರೇಡಿಯೇಟರಿನ ರೆಕ್ಕೆಗಳ ನಡುವೆ ಕೂತಿದ್ದ ಸಿಮೆಂಟಿನ ಧೂಳನ್ನು ಎಂಜಿನ್ ಕಡೆಯಿಂದ ಹೊರಕ್ಕೆ ಸಣ್ಣ ಒತ್ತಡದ ನೀರು ಹಾಯಿಸಿ ತೊಳೆಸಿದೆ. ಕೂಲಂಟ್ ಮತ್ತು ಶುದ್ಧೀಕರಿಸಿದ ನೀರನ್ನು ಸಮಪ್ರಮಾಣದಲ್ಲಿ ಬೆರೆಸಿ ತುಂಬಿಸಿದೆ. ಈಗ ಎಂಥ ಜಾಮ್‌ನಲ್ಲೂ ಅಂಕಿ 98 ಮುಟ್ಟಿ ಹಿಂದಕ್ಕೆ ಬರುತ್ತದೆ.

ಕನ್ನಡ ಸಂಘದ ಗೆಳೆಯರೊಬ್ಬರ ಕಾರಿನ ಕಥೆ ಇದಕ್ಕೆ ತದ್ವಿರುದ್ಧ. ಪೇಟೆಯಲ್ಲಿ ಸರಿಯಿದ್ದು ಖಂಡಾಲಾ ಘಾಟಿಯಲ್ಲಿ ಅಂಕಿ ಏರುತ್ತಿತ್ತು. ವರ್ಷಗಟ್ಟಲೆ ಬೋರ್‌ವೆಲ್ ನೀರು ತುಂಬಿಸಿದ ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿತ್ತು. ಅಲ್ಲಿ ರೇಡಿಯೇಟರ್ ಬದಲಿಸಲೇಬೇಕಾಯಿತು.

ಕೊರತೆಗಳೂ ಇವೆ. ಕರೆ ಬಂದಾಗ ಕೆಲವೊಮ್ಮೆ ಸಂಪರ್ಕ ಕಡಿಯುತ್ತದೆ. ಕೀಲಿ ತೆಗೆದರೂ ಆ ಸಾಕೆಟ್‌ಗೆ ಬ್ಯಾಟರಿಯಿಂದ ವಿದ್ಯುತ್ ಬರುತ್ತಲೇ ಇರುತ್ತದೆ, ಆದ್ದರಿಂದ ಕಾರನ್ನು ಹಲವು ದಿನ ನಿಲ್ಲಿಸುವಾಗ ಕಿತ್ತಿಡಬೇಕು. ರೇಡಿಯೇಟರ್ ಮುಚ್ಚಳದ ರಬ್ಬರ್ ಹಾಳಾಗಿ ಒತ್ತಡ ನಿಲ್ಲದಿರುವುದನ್ನಾಗಲಿ, ಹೋಸ್ ಸೋರುವುದನ್ನಾಗಲಿ ಇದು ಹೇಳಲಾರದು. ಅದನ್ನು ಕಣ್ಣಿನಿಂದಲೇ ನೋಡಬೇಕು, ಅದೂ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಬಿಸಿಯಿರುವಾಗ ಮುಚ್ಚಳ ತಿರುಗಿಸಿದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ದಾರಿಯಲ್ಲಿ ಅಂಕಿ 105 ದಾಟಿದರೆ ನಾನು ಎಸಿ ನಿಲ್ಲಿಸಿ, ಎಂಜಿನ್ನಿನ ಬಿಸಿ ಸ್ವಲ್ಪ ಹೊರಬೀಳಲೆಂದು ಹೀಟರನ್ನು ಪೂರ್ತಿ ತೆರೆದು, ಬದಿಗೆ ಹೋಗಲು ಜಾಗ ಹುಡುಕುತ್ತೇನೆ.

ಕೊಳ್ಳುವವರು ಗಮನಿಸಬೇಕಾದದ್ದು: ಮುಂಬೈಯಂಥ ನಗರಗಳಲ್ಲಿ 2013ರ ಏಪ್ರಿಲ್ ನಂತರ ಮಾರಾಟವಾದ ಬಿಎಸ್-4 (ಹೊಗೆಯ ಮಾಲಿನ್ಯದ ಮಾನದಂಡ) ಕಾರುಗಳಲ್ಲಿ ಈ ಸಾಧನಕ್ಕೆ ಬೇಕಾದ ಒಬಿಡಿ-2 ಇರುತ್ತದೆ, ಅದಕ್ಕಿಂತ ಹಳೆಯದಾದರೆ ವಿಚಾರಿಸಿಕೊಳ್ಳಿ. ಐಫೋನ್ ಇದ್ದವರು ಹಳೆಯ ಮಾದರಿಯ ಬ್ಲೂಟೂತ್ ಬಿಟ್ಟು, ವೈಫೈ ಅಥವಾ ಬ್ಲೂಟೂತ್ ಎಲ್‌ಇ (ಕಡಿಮೆ ವಿದ್ಯುತ್ ಬಳಸುವ ಹೊಸ ಬಗೆ) ಇರುವುದನ್ನೇ ಆರಿಸಿಕೊಳ್ಳಿ. ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ನಿಮ್ಮ ಕಾರಿನಲ್ಲಿ ಕೂಲಂಟ್ ತಾಪಮಾನ ಬರುತ್ತದೆಯೇ ಎಂದು ಪರೀಕ್ಷಿಸಿ. ಬಾರದಿದ್ದರೆ ಮರಳಿಸಿಬಿಡಿ.