ಸ್ಟೀಲರ್ ಬಿಚ್ಚಿ ನೋಡೋಕೆ ಯಾವುದು ಸರಿ: ಎನಿ.ರನ್, ಕೇಪ್, ಸ್ವಂತ ವಿಎಂ?

ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್, ಕುಕೀ, ಕ್ರಿಪ್ಟೊ ವಾಲೆಟ್ ಎಲ್ಲವನ್ನೂ ಬಾಚಿಕೊಂಡು ಹೋಗುವ ಮಾಲ್‌ವೇರ್‌ಗೆ ಸ್ಟೀಲರ್ ಅಂತಾರೆ. ಕದ್ದದ್ದನ್ನು ಹೊರಗೆ ಕಳಿಸಿ, ಎಷ್ಟೋ ಸಲ ತನ್ನನ್ನೇ ಅಳಿಸಿಕೊಂಡುಬಿಡುತ್ತದೆ. ಅಷ್ಟರಲ್ಲಿ ಅದು ಏನೇನು ಮುಟ್ಟಿತು ಅಂತ ನೋಡಲು ಮೂರು ದಾರಿ ಬಳಸಿದೆ: ಆನ್‌ಲೈನ್ ಸ್ಯಾಂಡ್‌ಬಾಕ್ಸ್ (ಮಾಲ್‌ವೇರನ್ನು ಬೇಲಿಯೊಳಗೆ ಓಡಿಸಿ ನೋಡುವ ಜಾಗ) ಎನಿ.ರನ್, ನಮ್ಮದೇ ಲಿನಕ್ಸ್ ಮೆಷಿನ್‌ನಲ್ಲಿ ಹಾಕಿಕೊಳ್ಳುವ ಸ್ಯಾಂಡ್‌ಬಾಕ್ಸ್ ಕೇಪ್, ಮತ್ತೆ ಫ್ಲೇರ್ ವಿಎಂ ಅನ್ನುವ ಮಾಲ್‌ವೇರ್ ವಿಶ್ಲೇಷಣೆ ಟೂಲ್‌ಗಳ ಕಟ್ಟು ಹಾಕಿದ ಸ್ವಂತ ವಿಂಡೋಸ್ ವಿಎಂ, ಅಂದರೆ ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್. ಸ್ಯಾಂಪಲ್‌ಗಳೆಲ್ಲ ಸಂಶೋಧಕರು ಮಾಲ್‌ವೇರ್ ಹಂಚಿಕೊಳ್ಳುವ ತಾಣ ಮಾಲ್‌ವೇರ್‌ಬಜಾರ್‌ನವು.

ಬೇಗ ಕೆಲಸ ಆಗಬೇಕೆಂದರೆ ಎನಿ.ರನ್. ಫೈಲ್ ಹಾಕಿದರೆ ಬ್ರೌಸರ್‌ನಲ್ಲೇ ವಿಂಡೋಸ್ ಪರದೆ ಬರುತ್ತದೆ, ಮೌಸ್ ನಾವೇ ಆಡಿಸಬಹುದು. ಇದು ಸಣ್ಣ ಅನುಕೂಲವಲ್ಲ. ಲುಮ್ಮಾ ಸ್ಟೀಲರ್‌ನ 4.0 ಆವೃತ್ತಿ ಮೌಸ್ ಓಡಾಟವನ್ನೇ ಅಳೆಯುತ್ತಿತ್ತು. 50 ಮಿಲಿಸೆಕೆಂಡಿಗೊಮ್ಮೆ ಒಂದರಂತೆ ಐದು ಜಾಗ ಗುರುತು ಹಾಕಿಕೊಳ್ಳುವುದು, ನಡುವಿನ ತಿರುವು 45 ಡಿಗ್ರಿಗಿಂತ ಜಾಸ್ತಿ ಇದ್ದರೆ ಇದು ಮನುಷ್ಯನ ಕೈ ಅಲ್ಲ ಅಂತ ಸುಮ್ನೆ ಕೂರುವುದು. ತಾನಾಗಿಯೇ ಮೌಸ್ ಹಾರಿಸುವ ಸ್ಯಾಂಡ್‌ಬಾಕ್ಸ್‌ಗಳಿಗೆ ಇದು ತಲೆನೋವು.

ಎನಿ.ರನ್‌ನ ತೊಂದರೆ ಬೇರೆ. ಉಚಿತ ಖಾತೆಯಲ್ಲಿ ಹಾಕಿದ್ದೆಲ್ಲ ಬಹಿರಂಗ. ಆಫೀಸಿಗೆ ಬಂದ ಇನ್‌ವಾಯ್ಸ್ ಮೇಲೆ ಅನುಮಾನ ಬಂತು ಅಂತ ಅಲ್ಲಿ ಹಾಕಿದರೆ ಊರೆಲ್ಲ ಓದಬಹುದು. ಆದರೆ ಅದೇ ಬಹಿರಂಗ ಸಂಗ್ರಹ ರೆಡ್‌ಲೈನ್ ಅನ್ನುವ ಸ್ಟೀಲರ್ ವಿಷಯದಲ್ಲಿ ಕೈ ಹಿಡಿಯಿತು. ಏನನ್ನು ಕದಿಯಬೇಕು ಅನ್ನುವ ಪಟ್ಟಿಯನ್ನು ರೆಡ್‌ಲೈನ್ ಮೊದಲು ತನ್ನ ಸರ್ವರ್‌ನಿಂದ ಪಡೆಯುತ್ತದೆ. 2024ರ ಅಕ್ಟೋಬರ್‌ನಲ್ಲಿ ಡಚ್ ಪೊಲೀಸರು ಮತ್ತು ಇತರ ದೇಶದವರು ಆಪರೇಷನ್ ಮ್ಯಾಗ್ನಸ್‌ನಲ್ಲಿ ಅದರ ಸರ್ವರ್‌ಗಳಿಗೆ ಕೈ ಹಾಕಿದರು. ಈಗ ಹಳೆಯ ಸ್ಯಾಂಪಲ್ ಓಡಿಸಿದರೆ ಅದು ಸರ್ವರ್ ಬಾಗಿಲು ಬಡಿಯುತ್ತಲೇ ಇರುತ್ತದೆ, ಪಾಸ್‌ವರ್ಡ್ ಫೈಲ್ ಹತ್ತಿರವೂ ಸುಳಿಯುವುದಿಲ್ಲ. ಇಂಟರ್‌ನೆಟ್‌ನಂತೆ ನಟಿಸುವ ಫೇಕ್‌ನೆಟ್ ಟೂಲ್ ಇಟ್ಟರೂ ಉಪಯೋಗವಿಲ್ಲ, ಕೇಳಿದ ಪಟ್ಟಿ ಕೊಡಲು ಅದಕ್ಕೆ ಬರುವುದಿಲ್ಲ. ಸರ್ವರ್ ಜೀವಂತ ಇದ್ದಾಗ ಬೇರೆಯವರು ಓಡಿಸಿದ ದಾಖಲೆಗಳೇ ಗತಿ.

ಕೇಪ್ ಇಂಥಲ್ಲಿ ಅರ್ಧ ಉತ್ತರ ಕೊಡುತ್ತದೆ. ಸರ್ವರ್ ಸತ್ತಿದ್ದರೂ ಮೆಮೊರಿಯಿಂದ ಪೇಲೋಡ್ (ಮಾಲ್‌ವೇರಿನ ಅಸಲಿ ಕೋಡ್) ಹೊರಗೆ ತೆಗೆದು ಸರ್ವರ್ ವಿಳಾಸ, ಕಾನ್ಫಿಗ್ (ಒಳಗಿನ ಸೆಟ್ಟಿಂಗ್) ಓದಿ ಕೊಡುತ್ತದೆ. ಆದರೆ ಅದನ್ನು ಹಾಕಿಕೊಳ್ಳುವುದೇ ಒಂದು ಪ್ರಾಜೆಕ್ಟ್! ಲಿನಕ್ಸ್‌ನಲ್ಲಿ ವಿಎಂ ಓಡಿಸುವ ಕೆವಿಎಂ, ಪೈಥಾನ್ ಪ್ಯಾಕೇಜ್, ವಿಎಂ ಒಳಗೆ ಕೂರುವ ಏಜೆಂಟ್ ಅಂತ ಒಂದಲ್ಲ ಒಂದು ಕೈಕೊಡುತ್ತಲೇ ಇರುತ್ತದೆ. ದಿನಾ ರಾಶಿ ಸ್ಯಾಂಪಲ್ ಬರುವವರಿಗೆ ಸರಿ, ಆಗೊಮ್ಮೆ ಈಗೊಮ್ಮೆ ನೋಡುವವರಿಗೆ ಯಾಕೆ ಬೇಕು?

ನನಗೆ ಹಿಡಿಸಿದ್ದು ಸ್ವಂತ ವಿಎಂ. ಅದರಲ್ಲೂ ಏಜೆಂಟ್ ಟೆಸ್ಲಾ ಅನ್ನುವ ಸ್ಟೀಲರ್‌ಗೆ. ಅದು ಯಾರ ಅಪ್ಪಣೆಗೂ ಕಾಯುವುದಿಲ್ಲ, ಮೊದಲು ಬಾಚುತ್ತದೆ, ಆಮೇಲೆ ಮೇಲ್ ಮೂಲಕವೋ ಎಫ್‌ಟಿಪಿ ಮೂಲಕವೋ ಕಳಿಸುತ್ತದೆ. ಹಾಗಾಗಿ ಇಂಟರ್‌ನೆಟ್ ಇಲ್ಲದ ವಿಎಂನಲ್ಲೂ ಕಳ್ಳತನ ಪೂರ್ತಿ ನಡೆಯುತ್ತದೆ. ಮೊದಲೇ ಕ್ರೋಮ್ ಹಾಕಿ ಒಂದೆರಡು ಸುಳ್ಳು ಪಾಸ್‌ವರ್ಡ್ ಉಳಿಸಿಡಿ, ಖಾಲಿ ವಿಎಂನಲ್ಲಿ ಕದಿಯಲು ಏನಿರುತ್ತೆ, ಅಲ್ವಾ? ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಿತು ಅಂತ ದಾಖಲಿಸುವ ಪ್ರಾಕ್‌ಮಾನ್‌ನಲ್ಲಿ ‘ಲಾಗಿನ್ ಡೇಟಾ’ (ಕ್ರೋಮ್ ಪಾಸ್‌ವರ್ಡ್ ಇಡುವ ಫೈಲ್) ಅಂತ ಕೊನೆಯಾಗುವ ಪಾತ್ ಮಾತ್ರ ತೋರಿಸುವ ಫಿಲ್ಟರ್ ಹಾಕಿ, ಕ್ರೋಮ್‌ನದೇ ಸಾಲುಗಳನ್ನು ಫಿಲ್ಟರ್‌ನಿಂದ ಮರೆಮಾಡಿ. ನನ್ನ ಸ್ಯಾಂಪಲ್‌ನಲ್ಲಿ ಉಳಿದ ಸಾಲುಗಳಲ್ಲಿ ಇದ್ದದ್ದು ಒಂದೇ ಹೆಸರು, ರೆಗ್‌ಆಸ್ಮ್. ಡಾಟ್‌ನೆಟ್ ಜೊತೆ ಬರುವ ಮೈಕ್ರೋಸಾಫ್ಟ್‌ನದೇ ಟೂಲ್ ಅದು. ಅದಕ್ಕೂ ಕ್ರೋಮ್ ಪಾಸ್‌ವರ್ಡ್‌ಗೂ ಏನು ಸಂಬಂಧ? ಸ್ಟೀಲರ್ ಅದರ ಹೊಟ್ಟೆಯೊಳಗೆ ಹೊಕ್ಕು ಕೂತಿತ್ತು. ಸ್ವಲ್ಪ ಹೊತ್ತಿಗೆ ಫೇಕ್‌ನೆಟ್ ಕಿಟಕಿಯಲ್ಲಿ ಒಂದು ಮೇಲ್ ಸರ್ವರ್ ಹೆಸರು ಹುಡುಕಿದ್ದು ಕಾಣಿಸಿತು.

ಎನಿ.ರನ್ ಕೂಡ ಇದನ್ನೆಲ್ಲ ಚಂದವಾಗಿ ಜೋಡಿಸಿ ತೋರಿಸುತ್ತದೆ ನಿಜ. ಆದರೆ ಯಾವ ಫೈಲ್ ಆದಮೇಲೆ ಯಾವ ಫೈಲ್ ಮುಟ್ಟಿತು ಅಂತ ಸಾಲು ಸಾಲಾಗಿ ಬೆನ್ನು ಹತ್ತಲು ನನಗೆ ಪ್ರಾಕ್‌ಮಾನ್ ಸಾಕು, ಅದೂ ಪುಕ್ಕಟೆ. ಶೇರ್ಡ್ ಫೋಲ್ಡರ್, ಕ್ಲಿಪ್‌ಬೋರ್ಡ್ ಎರಡೂ ಬಂದ್ ಮಾಡಿ, ನೆಟ್‌ವರ್ಕ್ ಹೋಸ್ಟ್-ಓನ್ಲಿ (ಹೊರಗಿನ ಇಂಟರ್‌ನೆಟ್ ಸಿಗದಂತೆ) ಇಡಿ. ಕೆಲಸ ಮುಗಿದ ಕೂಡಲೇ ಹಳೆಯ ಸ್ನ್ಯಾಪ್‌ಶಾಟ್‌ಗೆ (ಮೊದಲೇ ಉಳಿಸಿಟ್ಟ ವಿಎಂನ ಶುದ್ಧ ಸ್ಥಿತಿಗೆ) ವಾಪಸ್ ಹೋಗಿ.